ಮುರಿದ ಸೂಜಿಯ ಪುಟ

ಆ ಹೊಲಿಗೆ ಕಾರ್ಖಾನೆಯಲ್ಲಿ ಮನುಷ್ಯರು ಕಾಣೆಯಾದರೆ ಯಾರೂ ಹುಡುಕುವುದಿಲ್ಲ, ಸೂಜಿಯ ಚೂರು ಕಾಣೆಯಾದರೆ ಇಡೀ ಸಾಲು ನಿಲ್ಲುತ್ತದೆ. ಕುಹಕಕ್ಕೆ ಹೇಳಿದ ಮಾತಲ್ಲ ಇದು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ನಿಯಮ. ಹೊಲಿಯುವಾಗ ಸೂಜಿ ಮುರಿದರೆ ಅದರ ಪ್ರತಿ ಚೂರನ್ನೂ ಹುಡುಕಬೇಕು. ಸಿಕ್ಕ ಚೂರುಗಳನ್ನು ಒಂದು ಹಾಳೆಯ ಮೇಲೆ ಟೇಪಿನಿಂದ ಅಂಟಿಸಬೇಕು. ಸೂಜಿ ಪೂರ್ತಿಯಾಯಿತು ಎಂದು ಖಾತ್ರಿಯಾದ ಮೇಲೆ ಆ ಸಾಲಿನ ಇಪ್ಪತ್ತನಾಲ್ಕು ಜನರೂ ಸಹಿ ಹಾಕಬೇಕು, ಯಾರ ಕೈಯಲ್ಲಿ ಮುರಿಯಿತೋ ಅವರದು ಕೊನೆಯ ಸಹಿ. ಆಗ ಪುಟ ಮುಚ್ಚಿತು ಎಂದು ಲೆಕ್ಕ. ಅಲ್ಲಿಯ ತನಕ ಹಾಳೆ ಸಾಲಿನ ತಲೆಭಾಗದ ಹಲಗೆಯ ಮೇಲೆ ನೇತಾಡುತ್ತಿರುತ್ತದೆ. ಅಂಗಿ ಕೊಂಡವನ ಕತ್ತಿಗೆ ಎಲ್ಲಾದರೂ ಚೂರು ಚುಚ್ಚಿಬಿಟ್ಟರೆ ಏನು ಗತಿ? ಕೊಂಡವನ ಕತ್ತು ದೊಡ್ಡದು. ಹೊಲಿದವಳ ಬೆರಳಿನ ಮಾತು ಆಮೇಲೆ.

ಸೂಜಿ ಕೊಡುವ ತಂತಿಬಲೆಯ ಕೋಣೆಯಲ್ಲಿ ಕೂರುತ್ತಿದ್ದವರು ಸೂಜಿತಾತ. ಮೂವತ್ತೊಂದು ವರ್ಷದಿಂದ ಅಲ್ಲೇ. ಅವರು ಬಲ್ಲ ಧರ್ಮ ಒಂದೇ: ಕಂಡದ್ದನ್ನೂ ಕೇಳಿದ್ದನ್ನೂ ಒಂದಕ್ಷರ ಬಿಡದೆ ಬರೆಯುವುದು. ಒಮ್ಮೆ ಸೂಜಿಯ ತುದಿ ಒಬ್ಬಳ ಚಪ್ಪಲಿಯಲ್ಲಿ ಸಿಕ್ಕಾಗ ಚಪ್ಪಲಿಯ ಬಣ್ಣವನ್ನೂ, ಅದು ಕಿತ್ತುಹೋಗಿ ಪಿನ್ನು ಹಾಕಿಸಿಕೊಂಡದ್ದನ್ನೂ ಬರೆದಿದ್ದರು. ಅವಳು ಒಂದು ವಾರ ಯಾರ ಮುಖವನ್ನೂ ನೋಡಿರಲಿಲ್ಲ. ತಾತನಿಗೆ ಯಾಕೆಂದು ತಿಳಿಯಲಿಲ್ಲ. ಬರೆದದ್ದು ನಿಜವೇ ತಾನೆ?

ಎರಡನೇ ಸಾಲಿನ ಹದಿನಾರನೇ ಮೆಷಿನ್ನು ಕಾಲರಕ್ಕನದು. ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು, ಕರೆಯುವವರಿರಲಿಲ್ಲ. ಅಂಗಿಯಲ್ಲಿ ಕಾಲರಿಗಿಂತ ಕಷ್ಟದ ಕೆಲಸವಿಲ್ಲ. ತೋಳು ಹೆಚ್ಚುಕಮ್ಮಿಯಾದರೆ ಮಡಚಿಕೊಂಡು ಮರ್ಯಾದೆ ಉಳಿಸಿಕೊಳ್ಳಬಹುದು. ಕಾಲರಿನ ಎರಡು ಮೂತಿಗಳಲ್ಲಿ ಒಂದು ಕೂದಲೆಳೆಯಷ್ಟು ಉದ್ದವಾದರೂ ಹಾಕಿಕೊಂಡವನ ಮುಖವೇ ಸೊಟ್ಟಗೆ ಕಾಣುತ್ತದೆ. ಒಂಬತ್ತು ವರ್ಷದಿಂದ ಆ ಕುರ್ಚಿ ಅವಳದು. ಅದರ ಗಿಡ್ಡವಾಗಿದ್ದ ಒಂದು ಕಾಲಿಗೆ ರಟ್ಟು ಮಡಚಿ ಇಟ್ಟವಳು ಅವಳು. ಪೆಡಲಿನ ರಬ್ಬರು ಸವೆದು ಅವಳ ಬಲಪಾದದ ಆಕಾರಕ್ಕೆ ಬಂದಿತ್ತು. 

ದಿನಾ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ, ಮೊದಲ ಗಂಟೆಗೆ ಹತ್ತು ನಿಮಿಷ ಇರುವಾಗ, ದಾರದ ಬಾಬಿನ್ನು ಇಡುವ ಪುಟ್ಟ ತಗಡಿನ ಡಬ್ಬಿಯಿಂದ ಅವಳು ಒಂದು ಮಾತ್ರೆ ತೆಗೆದು ನುಂಗುತ್ತಿದ್ದಳು. ಹದಿನಾಲ್ಕು ವರ್ಷದಿಂದ ಅವಳಿಗೆ ಎಚ್‌ಐವಿ ಇತ್ತು. ಎಲ್ಲಿಂದ ಬಂತು ಎಂದು ಕೇಳಿದವರಿಗೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು: "ನಿಮಗೆ ನೆಗಡಿ ಎಲ್ಲಿಂದ ಬಂತು ಅಂತ ನಾನು ಯಾವತ್ತಾದ್ರೂ ಕೇಳಿದ್ದೀನಾ?" ಮೊದಲ ಎರಡು ವರ್ಷ ಅವಳ ಚರ್ಮ ಬಟ್ಟೆ ಒಣಹಾಕಿದ ಹಾಗೆ ಮೂಳೆಯ ಮೇಲೆ ನೇತಾಡುತ್ತಿದ್ದದ್ದು ನಿಜ. ಆಮೇಲೆ ಮಾತ್ರೆ ಹಿಡಿಯಿತು, ಮೈ ತುಂಬಿತು. ಗೋಡೆಗೆ ಬಣ್ಣ ಬಳಿಯುವವನೊಬ್ಬ ಎಲ್ಲವನ್ನೂ ಕೇಳಿ ತಿಳಿದೇ ಅವಳನ್ನು ಮದುವೆಯಾದ. ಅವನಿಗೆ ಸೋಂಕು ಇಲ್ಲ. ಒಂಬತ್ತು ವರ್ಷದ ಮಗಳಿಗೂ ಇಲ್ಲ. ಆ ಹುಡುಗಿಗೆ ಇರುವ ಒಂದೇ ರೋಗ ಮಾತು. ಕಾರ್ಖಾನೆಯಲ್ಲಿ ಕಾಲರಕ್ಕ ಯಾರಿಗೂ ಇದನ್ನು ಹೇಳಿರಲಿಲ್ಲ. ಹೆದರಿಕೆಗಲ್ಲ. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಮೂಲವ್ಯಾಧಿ ಎಂದು ಅಲ್ಲಿ ಯಾರೂ ಡಂಗುರ ಸಾರುತ್ತಿರಲಿಲ್ಲವಲ್ಲ.

ಸೋಮವಾರ ಹನ್ನೊಂದರ ಹೊತ್ತಿಗೆ ಬಿಳಿ ಅಂಗಿಗಳ ರಾಶಿ ನಡೆಯುತ್ತಿತ್ತು. ಗಡಿಯಾರದಮ್ಮ, ಅಂದರೆ ಸಾಲಿನ ಮೇಲ್ವಿಚಾರಕಿ, ಕತ್ತಿನಲ್ಲಿ ನೇತಾಡುವ ಗಡಿಯಾರ ಹಿಡಿದು ಬೆನ್ನ ಹಿಂದೆ ನಿಂತಳು. "ಒಂದು ಕಾಲರಿಗೆ ಮೂವತ್ತೆಂಟು ಸೆಕೆಂಡು. ನಿನ್ನೆ ಮೂವತ್ತಾರು ಇತ್ತು."

"ನಿನ್ನೆ ಭಾನುವಾರ ಮೇಡಂ."

"ಮೊನ್ನೆ ಅಂದ್ಕೋ."

ನಕ್ಕದ್ದಕ್ಕೋ ಅವಸರಕ್ಕೋ, ಬಟ್ಟೆಯ ಜೊತೆಗೆ ಎಡಗೈ ತೋರುಬೆರಳೂ ಬಟ್ಟೆ ಒತ್ತಿ ಹಿಡಿಯುವ ಮೆಷಿನ್ನಿನ ಪಾದದ ಕೆಳಗೆ ಹೋಯಿತು. ಸೂಜಿ ಉಗುರನ್ನು ದಾಟಿ ಇಳಿದು ಮುರಿಯಿತು. ಮೆಷಿನ್ನು ನಿಂತಿತು, ಸಾಲು ನಿಂತಿತು. ಬುಡದ ತುಂಡನ್ನು ಮೆಕ್ಯಾನಿಕ್ ಬಂದು ಮೆಷಿನ್ನಿನಿಂದ ಬಿಚ್ಚಿ ಕೊಟ್ಟ. ನಡುವಿನ ತುಂಡು ಅಂಗಿಯ ಮೇಲೆ ಸಿಕ್ಕಿತು. ತುದಿ ಮಾತ್ರ ಬೆರಳೊಳಗೇ ಉಳಿಯಿತು.

ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ನರ್ಸಮ್ಮ ಚುಚ್ಚುಮದ್ದು ಹಿಡಿದು ಕೇಳಿದಳು, "ದಿನಾ ಯಾವುದಾದ್ರೂ ಮಾತ್ರೆ ತಗೋತೀಯಾ? ಸುಳ್ಳು ಹೇಳ್ಬೇಡ, ಆಮೇಲೆ ನನ್ನ ತಲೆಗೆ ಬರುತ್ತೆ."

"ತಗೋತೀನಿ. ಎಚ್‌ಐವಿದು."

ನರ್ಸಮ್ಮನ ಕೈ ಗಾಳಿಯಲ್ಲಿ ನಿಂತಿತು. ಹಾಕಿಕೊಂಡ ಕೈಗವಸಿನ ಮೇಲೆ ಇನ್ನೊಂದು ಕೈಗವಸು ಹಾಕಿಕೊಂಡಳು.

"ಒಂದು ಸಾಕು," ಎಂದಳು ಕಾಲರಕ್ಕ. "ಎಲ್ಲರ ಬೆರಳು ಮುಟ್ಟುವಾಗ್ಲೂ ಒಂದು ಹಾಕ್ಕೋಬೇಕು. ಹಾಕ್ಕೋತೀರಾ?"

ನರ್ಸಮ್ಮ ಚಿಮುಟ ಎತ್ತಿಕೊಂಡಳು. ಚೂರು ತೆಗೆದಳು. ತೆಗೆಯುವುದರಲ್ಲಿ ಅವಳ ಕೈ ಒಳ್ಳೆಯದು, ಅದನ್ನು ಒಪ್ಪಬೇಕು. ಬಾಗಿಲಲ್ಲಿ ಹಾಳೆ ಮತ್ತು ಟೇಪು ಹಿಡಿದು ಕಾಯುತ್ತಿದ್ದ ಸೂಜಿತಾತ ಚೂರನ್ನು ತೊಳೆಸಿ, ಒರೆಸಿ, ಅಂಟಿಸಿದರು. ಮೂರೂ ಸೇರಿ ಸೂಜಿ ಪೂರ್ತಿಯಾಯಿತು. ಅವರಿಗೆ ನೆಮ್ಮದಿಯಾಯಿತು. ನಂತರ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದರು: "ಮೂರನೇ ಚೂರು ಎಡಗೈ ತೋರುಬೆರಳಿನೊಳಗಿಂದ, ಹನ್ನೊಂದು ಇಪ್ಪತ್ತಕ್ಕೆ ದೊರೆಯಿತು. ಬೆರಳಿನವರು ಎಚ್‌ಐವಿಗೆ ಮಾತ್ರೆ ತೆಗೆದುಕೊಳ್ಳುವವರು." ಕೇಳಿದ್ದನ್ನು ಬರೆದರು, ಒಯ್ದು ಹಲಗೆಗೆ ಸಿಕ್ಕಿಸಿದರು. ದ್ವೇಷದಿಂದ ಮಾಡಿದ್ದರೆ ಜಗಳವಾಡಬಹುದಿತ್ತು. ಅವರು ಮಾಡಿದ್ದು ಶ್ರದ್ಧೆಯಿಂದ.

ಹದಿನಾರು ಜನ ಕಣ್ಣು ಮುಚ್ಚಿ ಸಹಿ ಹಾಕಿದರು. ಹದಿನೇಳನೆಯವಳು ಬೊತ್ತಾಮಿನವಳು. ಸಹಿ ಹಾಕುವ ಮೊದಲು ಓದುವ ಕೆಟ್ಟ ಚಾಳಿ ಆ ಮಹಡಿಯಲ್ಲಿ ಇದ್ದದ್ದು ಅವಳೊಬ್ಬಳಿಗೇ. ಓದಿದಳು, ಪೆನ್ನು ಕೆಳಗಿಟ್ಟಳು.

ಕಾಲರಕ್ಕ ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಹಿಂತಿರುಗುವಷ್ಟರಲ್ಲಿ ಸುದ್ದಿ ಮೂರು ಮಹಡಿ ಇಳಿದು ಕಾವಲುಗಾರನ ಗೂಡಿಗೂ ಮುಟ್ಟಿತ್ತು.

ಸಂಜೆ ಮನೆಯಲ್ಲಿ ಗಂಡ ಸೀಮೆಎಣ್ಣೆ ಬಟ್ಟೆಯಿಂದ ಉಗುರಿನ ಬಣ್ಣ ತಿಕ್ಕುತ್ತ ಎಲ್ಲವನ್ನೂ ಕೇಳಿದ. ಸಮಾಧಾನ ಹೇಳಲಿಲ್ಲ, ಅದು ಅವನಿಗೆ ಬಾರದ ವಿದ್ಯೆ. "ತೇವ ಹಿಡಿದ ಗೋಡೆಗೆ ಮೇಲಿಂದ ಬಣ್ಣ ಹೊಡೆದ್ರೆ ನಿಲ್ಲಲ್ಲ," ಎಂದ. "ಕೆರೀಲೇಬೇಕು. ಕೆರೆಯುವಾಗ ಮನೆಯೆಲ್ಲ ಧೂಳಾಗುತ್ತೆ. ಆಗ್ಲಿ."

"ನಿನಗೇನು, ಕೆರೆದು ಎದ್ದು ಹೋಗ್ತೀಯ. ನಾನು ಅದೇ ಧೂಳಲ್ಲಿ ಕೂತು ಹೊಲೀಬೇಕು."

"ಕೂರ್ತೀಯಲ್ಲ?"

"ಕೂರದೆ? ಆ ಕುರ್ಚಿಗೆ ರಟ್ಟು ಇಟ್ಟವಳು ನಾನು."

ಮಂಗಳವಾರ ಬೆಳಿಗ್ಗೆ ಆ ಕುರ್ಚಿಯಲ್ಲಿ ಒಬ್ಬಳು ಹೊಸಬಳು ಕೂತಿದ್ದಳು. ಮೆಕ್ಯಾನಿಕ್ ಔಷಧಿ ನೀರಿನಲ್ಲಿ ಬಟ್ಟೆ ಅದ್ದಿ ಮೆಷಿನ್ನನ್ನು ಮೂರನೇ ಸಲ ಒರೆಸುತ್ತಿದ್ದ, ನೋಡುವವರೆಲ್ಲ ನೋಡಲಿ ಎಂಬಂತೆ. "ಕಬ್ಬಿಣಕ್ಕೂ ಅಂಟುತ್ತೋ ಏನೋ, ಯಾರಿಗೆ ಗೊತ್ತು," ಎಂದು ದೊಡ್ಡದಾಗಿ ಹೇಳುತ್ತಿದ್ದ. ನೀರಿನ ಕೊಳಾಯಿಯ ಹತ್ತಿರ ಒಂದು ಸ್ಟೀಲ್ ಲೋಟಕ್ಕೆ ಕೆಂಪು ದಾರ ಕಟ್ಟಿ ಬೇರೆ ಇಟ್ಟಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಜ್ವರವೂ ಇರಲಿಲ್ಲ, ಬರೆ ಮಾತ್ರ ಇತ್ತು.

"ಪ್ಯಾಕಿಂಗಿಗೆ ಹೋಗು," ಎಂದಳು ಗಡಿಯಾರದಮ್ಮ, ಗಡಿಯಾರ ನೋಡುತ್ತ. "ರಟ್ಟಿನ ಡಬ್ಬಿ ಮಡಚೋ ಕೆಲಸ. ಹಗುರ ಇದೆ. ಬೆರಳು ವಾಸಿಯಾಗ್ಲಿ."

"ವಾಸಿಯಾದ್ಮೇಲೆ?"

"ಆಮೇಲೆ ನೋಡೋಣ."

"ಯಾರು ನೋಡೋದು?"

"ಮೇಲಿನವರು."

"ಮೇಲಿನವರು ಕೆಳಗೆ ನೋಡಿದ್ದು ಯಾವಾಗ ಮೇಡಂ? ಸರಿ, ಹೋಗ್ತೀನಿ. ಇದನ್ನೇ ಒಂದು ಚೀಟೀಲಿ ಬರ್ಕೊಡಿ. ಹದಿನಾರನೇ ಮೆಷಿನ್ನಿಂದ ತೆಗೆದಿದ್ದೀವಿ, ಯಾಕೆ ಅಂದ್ರೆ ಇದಕ್ಕೆ. ಕೆಳಗೆ ನಿಮ್ಮ ಸಹಿ."

ಗಡಿಯಾರದಮ್ಮ ಮೊದಲ ಬಾರಿಗೆ ಗಡಿಯಾರದಿಂದ ಕಣ್ಣೆತ್ತಿದಳು. "ಮಾತು ಜಾಸ್ತಿ ಆಯ್ತು. ಹೋಗೋ ಮುಂಚೆ ಸೂಜಿಯ ಪುಟಕ್ಕೆ ನಿನ್ನ ಸಹಿ ಹಾಕಿ ಹೋಗು."

ಕಾಲರಕ್ಕ ಹಲಗೆಯ ಮುಂದೆ ಹೋಗಿ ನಿಂತಳು. ಓದಿದಳು. ತನ್ನ ರಕ್ತದ ಸಮಾಚಾರ ಮುರಿದ ಸೂಜಿಯ ಪಕ್ಕ ಟೇಪಿನಡಿ ಹೊಳೆಯುತ್ತಿತ್ತು. ಸಿಟ್ಟು ಬಂತು, ಆದರೆ ಬಡವನ ಕೋಪ ದವಡೆಗೆ ಮೂಲ ಎನ್ನುವುದನ್ನು ಅವಳು ಬಲ್ಲಳು. ಸಿಟ್ಟನ್ನು ಮಡಚಿ, ಕಾಲರಿನ ಒಳಗೆ ಗಟ್ಟಿಬಟ್ಟೆ ಇಡುವಂತೆ ಒಳಗಿಟ್ಟುಕೊಂಡಳು. ಹೊರಗೆ ನೆಟ್ಟಗೆ ನಿಲ್ಲಲು ಅದು ಬೇಕಾಗುತ್ತದೆ.

"ಇದು ಸೂಜಿಯ ಪುಟ," ಎಂದಳು. "ಇದರಲ್ಲಿ ನನ್ನ ಕಾಯಿಲೆಗೇನು ಕೆಲಸ? ನಾನು ಸಹಿ ಹಾಕಲ್ಲ."

ಡಬ್ಬಿ ಮಡಚುವ ಮೂಲೆಯಲ್ಲಿ ಅವಳೊಬ್ಬಳೇ. ಹನ್ನೆರಡೂವರೆಯ ಊಟದ ಗಂಟೆಯಾಯಿತು. ದಿನಾ ಅವಳ ಊಟದ ಡಬ್ಬಿಗೆ ಕೈ ಹಾಕಿ ತಿನ್ನುತ್ತಿದ್ದವರು ಇವತ್ತು ಹೊರಗಿನ ಮೈದಾನಕ್ಕೆ ಹೋಗಿ ಕೂತರು. ಅವಳು ಹಸಿವಿನಿಂದ, ನಿಧಾನವಾಗಿ, ಪೂರ್ತಿ ಉಂಡಳು. ಉಪವಾಸ ಕೂತು ಅವರ ಕಥೆಗೆ ಕಣ್ಣೀರು ಸೇರಿಸುವ ಮನಸ್ಸು ಅವಳಿಗಿರಲಿಲ್ಲ.

ಡಬ್ಬಿ ತೊಳೆಯಲು ಎದ್ದಾಗ ರಟ್ಟಿನ ಗೋಪುರದ ಹಿಂದಿನಿಂದ ಯಾರೋ "ಅಕ್ಕಾ" ಎಂದರು. ಮೆಕ್ಯಾನಿಕ್. ಬೆಳಿಗ್ಗೆ ಕಬ್ಬಿಣಕ್ಕೆ ಸ್ನಾನ ಮಾಡಿಸಿದವನು. ಮುಖ ಹಿಂಡಿದ ಬಟ್ಟೆಯಾಗಿತ್ತು.

"ಏನಪ್ಪಾ, ಇಲ್ಲಿ ಒರೆಸೋಕೆ ರಟ್ಟು ಬಿಟ್ರೆ ಏನೂ ಇಲ್ಲ."

ಅವನು ಬಲಗೈ ಹೆಬ್ಬೆರಳು ಚಾಚಿದ. ಒಂದು ಚುಕ್ಕೆ, ಸುತ್ತ ಕೆಂಪು. "ನಿನ್ನೆ ಬುಡದ ತುಂಡು ಬಿಚ್ಚುವಾಗ ಚುಚ್ಚಿತು. ಅದರ ಮೇಲೆ ನಿಮ್ಮ ರಕ್ತ ಇತ್ತು. ಯಾರಿಗೂ ಹೇಳಿಲ್ಲ." ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. "ಹೆಂಡತಿಗೆ ಈಗ ಐದು ತಿಂಗಳು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆ. ಬೆಳಗಿನ ಗದ್ದಲವೆಲ್ಲ ಈ ಒಂದು ಚುಕ್ಕೆಯದು ಎಂದು ಅವಳಿಗೆ ಹೊಳೆಯಿತು. ಎರಡು ಮಾತು ಬಾಯಿಗೆ ಬಂದವು, ಎರಡೂ ಖಾರದವು. ಆದರೆ ಅವಳು ಕೇಳಿದ್ದು ಮೂರನೆಯದು: "ಎಷ್ಟು ಗಂಟೆಗೆ ಚುಚ್ಚಿದ್ದು?"

"ಹನ್ನೊಂದು... ಹನ್ನೊಂದೂಕಾಲು."

"ಹಾಗಾದ್ರೆ ಇಪ್ಪತ್ತಾರು ಗಂಟೆ ಆಗ್ತಾ ಬಂತು. ಎಪ್ಪತ್ತೆರಡು ಗಂಟೆಯೊಳಗೆ ಔಷಧಿ ಶುರುವಾಗ್ಬೇಕು. ಬೇಗ ಆದಷ್ಟೂ ಒಳ್ಳೇದು. ನಿನ್ನೇನೇ ಹೇಳಿದ್ರೆ ನಿನ್ನೇನೇ ಕರ್ಕೊಂಡು ಹೋಗ್ತಿದ್ದೆ. ನಿನ್ನ ಪುಕ್ಕಲುತನಕ್ಕೆ ಒಂದು ದಿನ ಹೋಯ್ತು. ನಡಿ."

"ಈಗ್ಲಾ? ರಜ ಕೊಡಲ್ಲ..."

"ಬೆರಳು ನೋವು ಅಂತ ನಾನು ಹೋಗ್ತೀನಿ. ಹೊಟ್ಟೆ ನೋವು ಅಂತ ನೀನು ಬಾ. ನಿನ್ನ ಮುಖ ನೋಡಿದ್ರೆ ಯಾರೂ ಇಲ್ಲ ಅನ್ನಲ್ಲ."

ಅವಳು ಮಾತ್ರೆ ತರುತ್ತಿದ್ದ ಆಸ್ಪತ್ರೆಯ ಆ ಕೋಣೆ ಅವಳಿಗೆ ತವರಿನಷ್ಟು ಪರಿಚಿತ. ಹಸಿರು ಬಣ್ಣದ ಬೆಂಚು, ಮೂಲೆಯಲ್ಲಿ ಆಟದ ಸಾಮಾನಿನ ಬುಟ್ಟಿ, ಕೇಳದೆಯೇ ಕೈಹಾಕಿ ತೆಗೆದುಕೊಳ್ಳಬಹುದಾದ ಕಾಂಡೋಮ್‌ಗಳ ಪೆಟ್ಟಿಗೆ. ಮೆಕ್ಯಾನಿಕ್ ಬೆಂಚಿನ ತುದಿಯಲ್ಲಿ, ಗುರುತಿನವರು ಯಾರಾದರೂ ಕಂಡಾರೆಂದು ಕರವಸ್ತ್ರದಲ್ಲಿ ಮುಖ ಮುಚ್ಚಿ ಕೂತ.

"ತೆಗಿ ಅದನ್ನ," ಎಂದಳು ಕಾಲರಕ್ಕ. "ಇಲ್ಲಿ ಮುಖ ಮುಚ್ಕೊಂಡವರನ್ನೇ ಎಲ್ಲರೂ ನೋಡೋದು."

ಡಾಕ್ಟರು ನಡುವಯಸ್ಸಿನ ಹೆಂಗಸು. ಹೆಬ್ಬೆರಳು ನೋಡಿ, ಹೇಗೆ ಚುಚ್ಚಿತು, ಎಷ್ಟು ಆಳ, ತೊಳೆದೆಯಾ ಎಂದೆಲ್ಲ ಕೇಳಿದರು. ಆಮೇಲೆ ಕಾಲರಕ್ಕನ ಕಡೆ ತಿರುಗಿದರು. "ನಿಮ್ಮ ರಿಪೋರ್ಟಿನ ವಿಷಯ ಇವರಿಗೆ ಹೇಳ್ಬೇಕಾಗುತ್ತೆ. ಹೇಳಬಹುದಾ?"

ಕಾಲರಕ್ಕ ಮೆಕ್ಯಾನಿಕ್‌ನನ್ನು ನೋಡಿದಳು. "ಕೇಳಿಸ್ಕೊಂಡ್ಯಾ? ಹೀಗೆ ಕೇಳಿ ಹೇಳೋದು. ಹೇಳಿ ಡಾಕ್ಟ್ರೇ."

"ಇವರು ಒಂದು ದಿನ ತಪ್ಪಿಸದೆ ಮಾತ್ರೆ ತಗೋತಾರೆ. ಹನ್ನೆರಡು ವರ್ಷದಿಂದ ಇವರ ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಕಡಿಮೆ ಇದೆ. ಹಾಗಿರೋವರೆಗೂ ಗಂಡ ಹೆಂಡತಿ ಕೂಡೋದರಿಂದ ಇನ್ನೊಬ್ಬರಿಗೆ ಹರಡೋದೇ ಇಲ್ಲ. ಸೂಜಿ ವಿಷಯದಲ್ಲಿ ನಾನು ಸೊನ್ನೆ ಅಂತ ಬರ್ಕೊಡಲ್ಲ. ಆದ್ರೆ ಹೊಲಿಗೆ ಸೂಜಿ ಒಳಗೆ ಟೊಳ್ಳಿರಲ್ಲ, ರಕ್ತ ನಿಲ್ಲಲ್ಲ. ಇವರ ರಿಪೋರ್ಟೂ ಹೀಗಿದೆ. ಅಪಾಯ ಬಹಳ ಬಹಳ ಕಡಿಮೆ."

"ಹಾಗಾದ್ರೆ ಮಾತ್ರೆ ಬೇಡ್ವಾ?"

"ಇಷ್ಟು ಕೇಳಿದ ಮೇಲೆ ನಿಮಗೆ ನಿದ್ದೆ ಬರುತ್ತೆ ಅಂದ್ರೆ ಬೇಡ. ಬರಲ್ಲ ಅಂದ್ರೆ ಇಪ್ಪತ್ತೆಂಟು ದಿನ, ದಿನಾ ಒಂದೇ ಹೊತ್ತಿಗೆ. ಈಗ ಒಂದು ರಕ್ತಪರೀಕ್ಷೆ, ಮುಗಿದ ಮೇಲೆ ಇನ್ನೊಂದೆರಡು. ಕೊನೇ ಪರೀಕ್ಷೆ ಆಗೋ ತನಕ ಆ ಪೆಟ್ಟಿಗೆಯಿಂದ ಕಾಂಡೋಮ್ ತಗೊಂಡು ಹೋಗಿ. ಹೆಂಡತೀನೂ ಕರ್ಕೊಂಡು ಬನ್ನಿ. ಬಸುರಿಯರಿಗೆಲ್ಲ ಈ ಪರೀಕ್ಷೆ ಮಾಡ್ತೀವಿ, ನಿಮ್ಮ ಹೆಬ್ಬೆರಳಿಗೋಸ್ಕರ ಅಲ್ಲ."

ಅವನು ಮಾತ್ರೆಯನ್ನೇ ಆರಿಸಿಕೊಂಡ. ಪರೀಕ್ಷೆಯಲ್ಲಿ ಸೋಂಕು ಇಲ್ಲವೆಂದು ಬಂತು. ಸಂಜೆ ಆರು ಅವನ ಹೊತ್ತು ಎಂದು ನಿಗದಿಯಾಯಿತು. ಅಲ್ಲೇ ಬೆಂಚಿನ ಮೇಲೆ ಮೊದಲ ಮಾತ್ರೆ ನುಂಗಿದ. ಲೋಟ ಕೆಳಗಿಟ್ಟು, "ಅಕ್ಕ, ಬೆಳಿಗ್ಗೆ ನಾನು ಆಡಿದ ಮಾತು..." ಎಂದ.

"ಅದನ್ನ ನನ್ನ ಕಿವೀಲಿ ಹೇಳ್ಬೇಡ. ಬೆಳಿಗ್ಗೆ ಎಷ್ಟು ದೊಡ್ಡದಾಗಿ ಆಡಿದ್ಯೋ ಅಷ್ಟೇ ದೊಡ್ಡದಾಗಿ, ಅದೇ ಜಾಗದಲ್ಲಿ ಹೇಳು. ಆಗ ತಗೋತೀನಿ."

ಹೊರಡುವಾಗ ಅವಳು ಡಾಕ್ಟರಿಂದ ಒಂದು ತೆಳ್ಳನೆಯ ಪುಸ್ತಕ ಕೇಳಿ ಪಡೆದಳು. ಈ ಸೋಂಕು ಇದೆ ಎಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ, ಕೆಲಸದ ಜಾಗದಿಂದ ಕದಲಿಸುವಂತಿಲ್ಲ ಎಂದೂ, ಒಪ್ಪಿಗೆಯಿಲ್ಲದೆ ಯಾರ ರೋಗವನ್ನೂ ಬಯಲು ಮಾಡುವಂತಿಲ್ಲ ಎಂದೂ ಅದರಲ್ಲಿ ಕಾನೂನಿನ ಮಾತು ಅಚ್ಚಾಗಿತ್ತು. ಆ ಎರಡು ಪುಟಗಳ ಮೂಲೆ ಮಡಚಿದಳು.

ಬುಧವಾರ ಡಬ್ಬಿಯ ಮೂಲೆಗೆ ಜನ ಬರತೊಡಗಿದರು. ಒಬ್ಬೊಬ್ಬರಾಗಿ, ಟೇಪು ಬೇಕು, ರಟ್ಟು ಬೇಕು ಎಂಬ ನೆಪದಲ್ಲಿ. ತೋಳು ಹೊಲಿಯುವವಳ ನಾದಿನಿಯ ಪಕ್ಕದ ಮನೆಯವಳಿಗೆ ಪರೀಕ್ಷೆ ಮಾಡಿಸಬೇಕಾಗಿತ್ತಂತೆ, ಎಲ್ಲಿ ಮಾಡುತ್ತಾರೆ? ಇಸ್ತ್ರಿಯವಳ ದೂರದ ಸಂಬಂಧಿಯ ಗಂಡ ಲಾರಿಯವನು, ತಿಂಗಳಿಗೊಮ್ಮೆ ಮನೆಗೆ ಬರುವವನು, ಕಾಂಡೋಮ್ ಅಂದರೆ ರೇಗುವವನು. ಬರದ ಹಾಗೆ ಮುಂಚಿತವಾಗಿಯೇ ನುಂಗುವ ಮಾತ್ರೆ ಇದೆಯಂತೆ, ನಿಜವೇ?

"ನಿಜ. ಡಾಕ್ಟ್ರನ್ನ ಕೇಳಿದ್ರೆ ಪರೀಕ್ಷೆ ಮಾಡಿ ಕೊಡ್ತಾರೆ. ಆ ದೂರದ ಸಂಬಂಧೀನ ಶನಿವಾರ ಮಧ್ಯಾಹ್ನ ನನ್ನ ಜೊತೆ ಕಳಿಸು," ಎಂದಳು ಕಾಲರಕ್ಕ, ಡಬ್ಬಿಯಿಂದ ಕಣ್ಣೆತ್ತದೆ.

ಇಸ್ತ್ರಿಯವಳು ಬೆರಳು ಮಡಚಿ ದಿನ ಎಣಿಸಿದಳು. "ಶನಿವಾರ ನನಗೆ... ಅವಳಿಗೆ ಆಗುತ್ತೆ."

ಒಂದೇ ದಿನದಲ್ಲಿ ನಾಲ್ಕು ದೂರದ ಸಂಬಂಧಿಗಳಾದರು. ನಿನ್ನೆ ಅವಳ ಲೋಟಕ್ಕೆ ದಾರ ಕಟ್ಟಿದ ಕೈಗಳೇ ಇವತ್ತು ಅವಳ ಮುಂದೆ ಸೆರಗಿನ ಅಂಚು ತಿರುಚುತ್ತಿದ್ದವು. ಸಮಾಜ ಅನ್ನುವುದು ಹೀಗೆಯೇ. ಹಗಲು ಕಲ್ಲೆಸೆಯುವ ಬಾವಿಗೇ ಬಾಯಾರಿದಾಗ ಕೊಡ ಇಳಿಸುತ್ತದೆ. ನೀರು ಕೊಡುವುದಿಲ್ಲ ಎನ್ನಲು ಅವಳಿಗೆ ಮನಸ್ಸು ಬರಲಿಲ್ಲ. ಆದರೆ ಕಲ್ಲನ್ನು ಮರೆಯಲೂ ಇಲ್ಲ.

ಬೊತ್ತಾಮಿನವಳು ಮಾತ್ರ ಯಾವ ಸಂಬಂಧಿಯನ್ನೂ ತರಲಿಲ್ಲ. ಬಂದು, "ಹೊಸಬಳ ಕಾಲರು ನೋಡಿದ್ಯಾ? ಒಂದು ಮೂತಿ ಮೇಲೆ ಒಂದು ಕೆಳಗೆ. ನಾಯಿಮರಿ ಕಿವಿ ನಿಮಿರಿಸಿದ ಹಾಗೆ," ಎಂದಳು. ಆಮೇಲೆ, "ನಾಲ್ಕು ವರ್ಷ ಒಂದೇ ಡಬ್ಬೀಲಿ ಉಂಡಿದ್ದೀವಿ. ನನಗೆ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಉಣ್ತಿದ್ಯಾ?"

ಬೊತ್ತಾಮಿನವಳು ಯೋಚಿಸಿದಳು. ಸುಳ್ಳು ಹೇಳುವವಳಲ್ಲ. "ಗೊತ್ತಿಲ್ಲ."

"ಅದಕ್ಕೇ ಹೇಳಿಲ್ಲ. ಉಂಡೂ ನಿನಗೇನಾಗಿಲ್ಲ, ನೋಡು. ಇನ್ನೂ ದಪ್ಪ ಆಗಿದ್ದೀಯ."

ಗುರುವಾರ ಬೆಳಿಗ್ಗೆ ಮ್ಯಾನೇಜರನ ಗಾಜಿನ ಕೋಣೆಗೆ ಕರೆ ಬಂತು. ಹನ್ನೊಂದಕ್ಕೆ ಅಂಗಿ ಕೊಳ್ಳುವ ಕಂಪನಿಯ ತಪಾಸಣೆಯವನು ಬರುತ್ತಾನೆ. ಅವನು ಮೊದಲು ಕೇಳುವುದೇ ಸೂಜಿಯ ಪುಟಗಳನ್ನು. ಮುಚ್ಚದ ಪುಟ ಒಂದಿದ್ದರೂ ಆ ಸಾಲಿನ ನಾಲ್ಕು ಸಾವಿರ ಅಂಗಿ ಹೊರಗೆ ಹೋಗುವಂತಿಲ್ಲ. ಕೋಣೆಯಲ್ಲಿ ಗಡಿಯಾರದಮ್ಮ ಇದ್ದಳು, ಸೂಜಿತಾತ ಹಾಳೆ ಹಿಡಿದು ನಿಂತಿದ್ದರು. 

"ಕೂತ್ಕೊಳ್ಳಮ್ಮ," ಎಂದ ಮ್ಯಾನೇಜರ್. ಕೂರಲು ಕುರ್ಚಿ ಇರಲಿಲ್ಲ. "ಎಲ್ಲ ನಿನ್ನ ಒಳ್ಳೇದಕ್ಕೇ ಮಾಡಿದ್ದು. ನಿನಗೂ ಹಗುರ ಕೆಲಸ, ಉಳಿದವರಿಗೂ ನೆಮ್ಮದಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಒಂದು ಸಹಿ ಹಾಕ್ಬಿಡು."

"ನಾನು ಹಾವಲ್ಲ ಸಾರ್. ಕೋಲು ಯಾಕೆ ತಂದ್ರಿ?"

ಅವನು ನಗಲು ಪ್ರಯತ್ನಿಸಿದ. "ಏನು ಬೇಕು ನಿನಗೆ?"

"ಬೇಡೋಕೆ ಬಂದಿಲ್ಲ. ನಂದು ನನಗೆ ಬರಬೇಕು. ಹದಿನಾರನೇ ಮೆಷಿನ್ನು. ಪುಟದಲ್ಲಿರೋ ಆ ಕೊನೇ ಸಾಲು ಹೋಗ್ಬೇಕು. ಇಲ್ಲ ಅಂದ್ರೆ ನನ್ನ ಯಾಕೆ ತೆಗೆದ್ರಿ ಅಂತ ಬರ್ಕೊಡಿ. ಈ ಕಾರ್ಖಾನೇಲಿ ಒಂದು ಸೂಜಿ ಮುರಿದ್ರೆ ಬರೀತೀರಿ, ಕಕ್ಕಸಿಗೆ ಹೋಗಿ ಬಂದ ನಿಮಿಷ ಬರೀತೀರಿ. ಅನ್ಯಾಯ ಮಾಡುವಾಗ ಮಾತ್ರ ಬಾಯಲ್ಲಿ ಹೇಳ್ತೀರಿ. ಯಾಕೆ?" ಮೂಲೆ ಮಡಚಿದ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಯಾಕೆ ಅಂತ ಇದರಲ್ಲಿದೆ. ಎರಡೇ ಪುಟ. ಓದಿ."

ಮ್ಯಾನೇಜರ್ ಓದಿದ. ಎರಡು ಪುಟಕ್ಕೆ ಬಹಳ ಹೊತ್ತು ತೆಗೆದುಕೊಂಡ. ಆಮೇಲೆ ಪುಸ್ತಕ ಮುಚ್ಚಿ ಬೇರೆ ದಾರಿ ಹುಡುಕಿದ. "ತಾತ, ಈ ಪುಟ ಹರಿದು ಹೊಸದು ಬರೀರಿ. ಇವಳ ಸಹಿ ಬೇರೆ ಯಾರಾದ್ರೂ ಹಾಕ್ಲಿ."

ಸೂಜಿತಾತ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ದನಿಯೆತ್ತಿದರು, ಅದೂ ಮೆತ್ತಗೆ. "ಪುಟ ಹರಿಯೋಕೆ ಬರಲ್ಲ ಸಾರ್. ಯಾರ ಬೆರಳೋ ಅವರದೇ ಸಹಿ. ಇನ್ನೊಬ್ಬರು ಹಾಕಿದ್ದಾ ಅಂತ ತಪಾಸಣೆಯವರು ಕೇಳಿದ್ರೆ ನಾನು ಇಲ್ಲ ಅನ್ನಲ್ಲ." ನಂತರ ಕಾಲರಕ್ಕನ ಕಡೆ ತಿರುಗಿದರು. ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ತಪ್ಪು ಬರೆದಿದ್ರೆ ಅದನ್ನ ಹೊಡೆದು ಹಾಕೋಕೆ ಒಂದು ಕ್ರಮ ಇದೆಯಮ್ಮ. ಒಂದೇ ಗೆರೆ ಎಳೀಬೇಕು, ಕೆಳಗಿನ ಅಕ್ಷರ ಓದೋಕೆ ಬರೋ ಹಾಗೆ. ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕ್ಬೇಕು. ಮಸಿ ಬಳಿದು ಮುಚ್ಚೋ ಹಾಗಿಲ್ಲ. ನಿನಗೆ ಅದು..."

"ಓದೋಕೆ ಬರ್ಲಿ ತಾತ. ನಾನೇನೂ ಕದ್ದಿಲ್ಲ. ಬರೆದದ್ದು ಸುಳ್ಳೂ ಅಲ್ಲ. ಇರಬಾರದ ಜಾಗದಲ್ಲಿದೆ, ಅಷ್ಟೇ. ಗೆರೆ ಎಳೀರಿ."

ತಾತ ಮೇಜಿನ ಅಂಚಿಗೆ ಸ್ಕೇಲಿಟ್ಟು ಗೆರೆ ಎಳೆದರು. ಪಕ್ಕದಲ್ಲಿ ಬರೆದರು: "ಸೂಜಿಗೆ ಸಂಬಂಧವಿಲ್ಲದ ವಿಷಯ. ಬರೆದದ್ದು ನನ್ನ ತಪ್ಪು." ಎರಡನೇ ವಾಕ್ಯವನ್ನು ನಿಯಮ ಕೇಳಿರಲಿಲ್ಲ. ಸಹಿ ಹಾಕಿ, ಪೆನ್ನಿಗೆ ಮುಚ್ಚಳ ಹಾಕಲು ಮೂರು ಸಲ ಪ್ರಯತ್ನಿಸಿದರು.

ಮ್ಯಾನೇಜರ್ ಗಡಿಯಾರದಮ್ಮನನ್ನು ನೋಡಿದ, ಗಡಿಯಾರದಮ್ಮ ಗಡಿಯಾರ ನೋಡಿದಳು. ಒಂಬತ್ತೂ ಐವತ್ತು. "ಹೋಗು," ಎಂದ ಅವನು ಕೊನೆಗೆ. "ನಿನ್ನ ಜಾಗಕ್ಕೆ ಹೋಗು."

"ಅದನ್ನ ಸಾಲಿಗೆ ಕೇಳೋ ಹಾಗೆ ಮೇಡಂ ಹೇಳ್ಲಿ. ತೆಗೆದಾಗ ಎಲ್ಲರೂ ಕೇಳಿಸ್ಕೊಂಡ್ರು."

ಹಾಳೆ ಮತ್ತೆ ಹಲಗೆಗೆ ಬಂತು. ಗಡಿಯಾರದಮ್ಮ ಗಂಟಲು ಸರಿಮಾಡಿಕೊಂಡು ಹೇಳಬೇಕಾದದ್ದನ್ನು ಹನ್ನೊಂದು ಸೆಕೆಂಡಿನಲ್ಲಿ ಹೇಳಿ ಮುಗಿಸಿದಳು. ಹೊಸಬಳು ಬದುಕಿದೆ ಎಂಬಂತೆ ಕುರ್ಚಿ ಬಿಟ್ಟೆದ್ದಳು. ಕಾಲರಕ್ಕನನ್ನು ಬಿಟ್ಟು ಇನ್ನೂ ಸಹಿ ಹಾಕದ ಏಳು ಜನ ಒಬ್ಬರ ಮುಖ ಒಬ್ಬರು ನೋಡಿದರು.

ಆಗ ಮೆಕ್ಯಾನಿಕ್ ಮುಂದೆ ಬಂದ. ಮಂಗಳವಾರ ನಿಂತಿದ್ದ ಜಾಗದಲ್ಲೇ ನಿಂತ. "ಒಂದು ಮಾತಿದೆ," ಎಂದ, ಮೆಷಿನ್ನುಗಳ ಸದ್ದನ್ನು ಮೀರಿಸುವ ಅಭ್ಯಾಸದ ದನಿಯಲ್ಲಿ. ಆದರೆ ಮೆಷಿನ್ನುಗಳೆಲ್ಲ ನಿಂತಿದ್ದವು. "ಕಬ್ಬಿಣಕ್ಕೆ ಅಂಟುತ್ತೆ ಅಂದೆನಲ್ಲ, ಅದು ನನ್ನ ತಲೆಗೆ ಅಂಟಿದ್ದು. ಅವತ್ತು ಸೂಜಿ ನನಗೂ ಚುಚ್ಚಿತ್ತು. ಹೆದರಿ ಬಾಯಿಗೆ ಬಂದ ಹಾಗೆ ಆಡಿದೆ. ನಾನು ಹಾಗೆ ಆಡಿದ ದಿನವೇ ಕೈ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಈ ಅಕ್ಕ. ಲೋಟದಿಂದ ಬರಲ್ಲ, ಕುರ್ಚಿಯಿಂದ ಬರಲ್ಲ, ಪಕ್ಕ ಕೂತ್ರೆ ಬರಲ್ಲ. ಡಾಕ್ಟ್ರು ನನ್ನ ಮುಖಕ್ಕೇ ಹೇಳಿದ್ರು. ತಪ್ಪಾಯ್ತು ಅಕ್ಕ."

"ತಗೊಂಡೆ," ಎಂದಳು ಕಾಲರಕ್ಕ.

ಬೊತ್ತಾಮಿನವಳು ಹಲಗೆಯ ಮುಂದೆ ಹೋದಳು. ಗೆರೆಯ ಕೆಳಗಿನದನ್ನೂ ಪಕ್ಕದಲ್ಲಿನದನ್ನೂ ಪೂರ್ತಿ ಓದಿದಳು, ಸಹಿ ಹಾಕಿದಳು. 

ಇಸ್ತ್ರಿಯವಳು ಹಾಕಿದಳು. ತೋಳಿನವಳು ಹಾಕಿದಳು. ಒಬ್ಬಳು ಪೆನ್ನಿಗೆ ಕರವಸ್ತ್ರ ಸುತ್ತಿಕೊಂಡು ಹಾಕಿದಳು. ಕಾಲರಕ್ಕ ಅದನ್ನು ನೋಡಿದಳು, ನೋಡಿದೆ ಎಂದು ಅವಳಿಗೆ ತಿಳಿಯುವಂತೆ ನೋಡಿದಳು. ಎಲ್ಲರ ತಲೆಯೂ ಒಂದೇ ದಿನ ತೊಳೆದುಹೋಗುವುದಿಲ್ಲ. ಹಕ್ಕು ಸಿಗಲು ಅಲ್ಲಿಯ ತನಕ ಕಾಯಬೇಕಾಗಿಯೂ ಇಲ್ಲ. ಕೊನೆಯ ಸಹಿ ಅವಳದು. ಪಟ್ಟಿ ಕಟ್ಟಿದ ಬೆರಳಿನಿಂದ ಹಾಳೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ದೊಡ್ಡದಾಗಿ ಹಾಕಿದಳು.

ಸೂಜಿತಾತ ಹೊಸ ಸೂಜಿ ತಂದರು. ಮೆಕ್ಯಾನಿಕ್ ಅದನ್ನು ಬರಿಗೈಯಲ್ಲಿ ತೆಗೆದುಕೊಂಡು ಹದಿನಾರನೇ ಮೆಷಿನ್ನಿಗೆ ಏರಿಸಿ ತಿರುಪು ಬಿಗಿದ. "ಪಾದ ಇಳಿಸಿ ಅಕ್ಕ, ನೋಡೋಣ."

ಅವಳು ಕುರ್ಚಿ ಎಳೆದುಕೊಂಡಳು. ಒಂದು ಕಾಲು ಕುಂಟಿತು. ಹೊಸಬಳು ರಟ್ಟನ್ನು ಗುಡಿಸಿ ಎಸೆದಿದ್ದಳು. ಬೊತ್ತಾಮಿನವಳು ಒಂದು ರಟ್ಟಿನ ಡಬ್ಬಿಯ ಮುಚ್ಚಳ ಹರಿದು, ನಾಲ್ಕಾಗಿ ಮಡಚಿ, ಬಗ್ಗಿ ಕುರ್ಚಿಯ ಕಾಲಡಿ ತುರುಕಿದಳು.

ಹನ್ನೊಂದಕ್ಕೆ ಬಂದ ತಪಾಸಣೆಯವನು ಪುಟದ ಚೂರುಗಳನ್ನು ಬೆರಳಿನಿಂದ ಎಣಿಸಿದ. "ಮೂರು. ಸರಿ." ಪುಟ ಮಗುಚಿದ. ಅವನಿಗೆ ಬೇಕಾದದ್ದು ಅಷ್ಟೇ.

ಸಂಜೆ ಆರರ ಗಂಟೆಗೆ ಮೆಕ್ಯಾನಿಕ್ ಮಾತ್ರೆ ಹಿಡಿದು ನೀರಿಗೆ ಓಡಿದ. ಕೊಳಾಯಿಯ ಹತ್ತಿರ ಕೈಗೆ ಸಿಕ್ಕ ಲೋಟದಲ್ಲಿ ಕುಡಿಯುತ್ತ ಅವಳ ಮೆಷಿನ್ನಿನ ಬಳಿ ಬಂದ. "ಇನ್ನು ಇಪ್ಪತ್ತೈದು ಉಳಿದಿದೆ ಅಕ್ಕ. ನಿಮಗೆ?"

"ನನ್ನದು ಎಣಿಸೋ ಲೆಕ್ಕ ಅಲ್ಲಪ್ಪ. ಮಗಳ ಮಗಳ ಮದುವೆ ತನಕ ನುಂಗ್ತೀನಿ."

ಅವನ ಕೈಯ ಲೋಟಕ್ಕೆ ಕಟ್ಟಿದ ಕೆಂಪು ದಾರ ಇನ್ನೂ ಜೋಲುತ್ತಿತ್ತು. ಅವನು ಅದನ್ನು ಗಮನಿಸಿಯೇ ಇರಲಿಲ್ಲ. ಕಾಲರಕ್ಕ ಲೋಟ ಈಸಿಕೊಂಡಳು. ಮುಗಿದ ಅಂಗಿಯಲ್ಲಿ ಎಳೆ ಉಳಿದಿದ್ದರೆ ಅದು ಕೆಟ್ಟ ಕೆಲಸ. ಅದನ್ನು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಪುಟ್ಟ ಕತ್ತರಿ ತೆಗೆದು ಗಂಟಿನ ಬುಡಕ್ಕೇ ಹಿಡಿದು ಕತ್ತರಿಸಿದಳು, ದಾರವನ್ನು ಕಾಲ ಬಳಿಯ ಕಸದ ಡಬ್ಬಿಗೆ ಹಾಕಿ, ಲೋಟವನ್ನು ಉಳಿದ ಲೋಟಗಳ ಜೊತೆ ಬೋರಲು ಹಾಕಲು ಎದ್ದಳು.